ಸಡ್ಡಕನ ಬಿಸಿಲು

ಸಡ್ಡಕರ ನಡುವಿನ ಹೊಟ್ಟೆಕಿಚ್ಚು ಉರಿಯಲು ಗಾಳಿ ಬೇಕಿಲ್ಲ. ಅದು ಚಂದ್ರನ ಮೇಲೂ ಉರಿಯುತ್ತದೆ. ಅಕ್ಕನ ಗಂಡನನ್ನೂ ತಂಗಿಯ ಗಂಡನನ್ನೂ ಮಾವನ ಮನೆಯ ಒಂದೇ ಪಂಕ್ತಿಯಲ್ಲಿ ಕೂಡಿಸಿ ನೋಡಿ, ಒಬ್ಬನ ಹೋಳಿಗೆಯ ಮೇಲೆ ಬಿದ್ದ ತುಪ್ಪವನ್ನು ಇನ್ನೊಬ್ಬ ಕಣ್ಣಲ್ಲೇ ಅಳೆಯುತ್ತಿರುತ್ತಾನೆ. ನೀಲಕಂಠ ಯಲಿಗಾರ ಅಳೆಯುತ್ತಿದ್ದದ್ದು ತುಪ್ಪವನ್ನಲ್ಲ, ಬಿಸಿಲನ್ನು.

ಚಂದ್ರನ ದಕ್ಷಿಣ ತುದಿಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಹೊಲದ ಬದುವಿನ ಮೇಲೆ ಕಾವಲುಗಾರ ತಿರುಗಿದಂತೆ ದಿಗಂತದ ಅಂಚು ಹಿಡಿದು ತಿಂಗಳಿಗೊಂದು ಸುತ್ತು ಹಾಕುತ್ತಾನೆ. ಹಾಗಾಗಿ ಗುಡ್ಡದ ನೆತ್ತಿಗೆ ಸದಾ ಬಿಸಿಲು, ತಗ್ಗಿಗೆ ಸದಾ ಕತ್ತಲೆ. ನೀರು ಹೆಪ್ಪುಗಟ್ಟಿ ಕೂತಿರುವುದು ತಗ್ಗಿನಲ್ಲಿ, ಮನುಷ್ಯ ಊರು ಕಟ್ಟುವುದು ನೀರಿದ್ದಲ್ಲಿ. ಆದ್ದರಿಂದ ತಗ್ಗಿನಲ್ಲಿ ಗಾಜಿನ ಚಾವಣಿಯ ಊರು, ಗುಡ್ಡದ ಮೇಲೊಂದು ಕಂಬ, ಕಂಬದ ಮೇಲೆ ಕೆರೆಯಷ್ಟು ಅಗಲದ ಕನ್ನಡಿ. ಸೂರ್ಯ ಸರಿದಂತೆ ಕನ್ನಡಿ ತಿರುಗಿ ಬೆಳಕನ್ನು ಕೆಳಗಿನ ಊರಿಗೆ ಸುರಿಯುತ್ತದೆ. ಜೋಳ ಬೆಳೆಯುವುದು, ಮನೆ ಬೆಚ್ಚಗಾಗುವುದು, ಹಪ್ಪಳ ಒಣಗುವುದು ಎಲ್ಲ ಅದರಿಂದಲೇ.

ಗುಡ್ಡ ಒಂದೇ, ಊರು ಎರಡು. ಭೂಮಿಯ ದೇಶಗಳು ಆ ಕಾಲಕ್ಕೆ ಎರಡು ಪಾಲಾಗಿದ್ದವು. ಚುನಾವಣೆ ಮಾಡಿ, ಜಗಳಾಡಿ, ಸರ್ಕಾರ ಕೆಡವಿ ಮತ್ತೆ ಕಟ್ಟಿಕೊಳ್ಳುವ ದೇಶಗಳದ್ದು ಒಕ್ಕೂಟ. ಒಬ್ಬ ಹೇಳಿದ್ದನ್ನು ಉಳಿದವರೆಲ್ಲ ಕೇಳುವ ದೇಶಗಳದ್ದು ಏಕಪೀಠ. ಯುದ್ಧ ಮಾಡಿ ಮಾಡಿ ಇಬ್ಬರಿಗೂ ಸಾಕಾಗಿತ್ತು. ಈಗ ಯಾರ ಪದ್ಧತಿ ಮೇಲು ಎಂದು ಜಗತ್ತಿಗೆ ತೋರಿಸುವ ಜಿದ್ದು. ಆ ಜಿದ್ದಿಗೆ ಅಂಗಡಿ ಮುಂಗಟ್ಟು ಬೇಕಲ್ಲ, ಚಂದ್ರ ಸಿಕ್ಕಿದ. ಗುಡ್ಡದ ಮೂಡಣಕ್ಕೆ ಒಕ್ಕೂಟದ ಊರು. ಅದಕ್ಕೆ ಉದ್ದನೆಯ ಸರ್ಕಾರಿ ಹೆಸರೊಂದಿತ್ತು. ಅಲ್ಲಿಯ ಕನ್ನಡದ ಮಂದಿ ಮಾತ್ರ ಪಡಸಾಲಿ ಎಂದೇ ಕರೆಯುತ್ತಿದ್ದರು, ಕೂತು ಮಾತಾಡುವುದು ಬಿಟ್ಟರೆ ಅಲ್ಲಿ ಬೇರೆ ಉದ್ಯೋಗ ಕಡಿಮೆಯಾದ್ದರಿಂದ. ಪಡುವಣಕ್ಕೆ ಏಕಪೀಠದ ತೇಜೋನಗರ.

ಪಡಸಾಲಿಯ ವಿಶೇಷವೆಂದರೆ ಪ್ರತಿ ಮನೆಯ ಗೋಡೆಯ ಮೇಲೂ ಇದ್ದ ಒಂದು ಕೆಂಪು ಗುಂಡಿ. ಊರು ಕಟ್ಟಿದ ಹೊಸತರಲ್ಲಿ ಕನ್ನಡಿ ಜಾರಿ, ಬೆಳಕಿನ ಕೋಲು ಒಂದು ಓಣಿಯ ಚಾವಣಿಯನ್ನೇ ಕರಗಿಸಿತ್ತು. ಜಾರಿದ್ದನ್ನು ಮೊದಲು ಕಂಡವಳು ಬಟ್ಟೆ ಒಣಹಾಕುತ್ತಿದ್ದ ಹೆಂಗಸು. ಅವಳು ಕೂಗಿದ್ದು ಯಾರಿಗೂ ಕೇಳಲಿಲ್ಲ. ಅಂದಿನಿಂದ ನಿಯಮ: ಈ ಊರಿನ ಗಾಳಿ ಉಸಿರಾಡುವ ಯಾರು ಬೇಕಾದರೂ ಗುಂಡಿ ಒತ್ತಿ ಕನ್ನಡಿಯನ್ನು ನಿಲ್ಲಿಸಬಹುದು. ನಿಂತ ಕನ್ನಡಿಯಿಂದ ಬೆಳಕು ಮೆಲ್ಲಗೆ ಜಾರಿ ಪಕ್ಕದ ಬಂಡೆಯ ಮೇಲೆ ಹೋಗುತ್ತದೆ, ಊರು ಮಬ್ಬಾಗುತ್ತದೆ. ಆಗ ಸಭೆ ಸೇರಬೇಕು. ಒತ್ತಿದವರ ಮಾತು ಮುಗಿಯುವವರೆಗೆ ಕೇಳಬೇಕು. ಆಮೇಲೆ ಮತ ಹಾಕಿ ಕನ್ನಡಿ ಮತ್ತೆ ನಡೆಸಬೇಕು. ಕನ್ನಡಿ ನಡೆಸುವ ನೌಕರರಿಗೆ ಮಾತ್ರ ಒತ್ತುವ ಹಕ್ಕಿಲ್ಲ.

ಆ ನೌಕರರ ಮುಖ್ಯಸ್ಥನೇ ನೀಲಕಂಠ. ಚಾವಣಿ ಕರಗಿದ್ದು ಹಳೆಯ ಮಾತಾಯಿತು. ಈಗ ಜನ ಗುಂಡಿ ಒತ್ತುತ್ತಿದ್ದದ್ದು ಮೇಲಿನ ಓಣಿಗೆ ಬೆಳಕು ಹೆಚ್ಚು ಬಿತ್ತು, ಕೆಳಗಿನ ಓಣಿಗೆ ಕಡಿಮೆ ಬಿತ್ತು ಎಂದು. ಒಮ್ಮೆ ಸಭೆಯ ಅಧ್ಯಕ್ಷೆ ಅಮೀನಾಬಿ ನದಾಫಳೇ ಒತ್ತಿದ್ದಳು.

"ನೀವೂ ಒತ್ತೂದೇನ್ರೀ ಅಮೀನಾಬಿ?" ಎಂದು ನೀಲಕಂಠ ಕೇಳಿದ್ದ.

"ನನ್ನ ಸಂಡಿಗಿ ಹಸಿ ಉಳದಾವು. ಅಧ್ಯಕ್ಷಿ ಸಂಡಿಗಿ ಅಂದ್ರ ಸಂಡಿಗಿ ಅಲ್ಲೇನು?"

ಹೀಗೆ ದಿನಕ್ಕೊಂದು ಸಲವಾದರೂ ಅವನ ಸೂರ್ಯ ನಿಲ್ಲುತ್ತಿದ್ದ. ಗುಡ್ಡದಾಚೆ ತೇಜೋನಗರದ ಕನ್ನಡಿ ನಿಲ್ಲುತ್ತಲೇ ಇರಲಿಲ್ಲ. ಅದರ ಮುಖ್ಯಸ್ಥ ರುದ್ರಗೌಡ, ನೀಲಕಂಠನ ಹೆಂಡತಿ ಶಿವಲೀಲಾಳ ತಂಗಿ ಗಂಗೂಳ ಗಂಡ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಅಲ್ಲಿಯೂ ರುದ್ರಗೌಡನೇ ಮೊದಲು. ಇಬ್ಬರಿಗೂ ಒಕ್ಕೂಟದ ಕೆಲಸ ಸಿಗುವುದಿತ್ತು. ಏಕಪೀಠದವರು ದೊಡ್ಡ ಕನ್ನಡಿ ಕೊಡುತ್ತೇವೆ ಎಂದರು, ರುದ್ರಗೌಡ ಹೋದ. ನೀಲಕಂಠನನ್ನು ಅವರು ಕೇಳಲಿಲ್ಲ. ಕೇಳಿದ್ದರೆ ತಾನು ಹೋಗುತ್ತಿರಲಿಲ್ಲ ಎಂದು ಅವನು ಬಹಳ ಜನಕ್ಕೆ ಹೇಳಿದ್ದ.

ಗಂಗೂ ಅಕ್ಕನಿಗೆ ಚಿತ್ರ ಕಳಿಸುತ್ತಿದ್ದಳು. ಹಿತ್ತಿಲಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಬದನೆಕಾಯಿ. ಮೊಣಕಾಲೆತ್ತರದ ಮೆಂತ್ಯ. ಶಿವಲೀಲಾ ಅದನ್ನು ಗಂಡನಿಗೆ ತೋರಿಸುತ್ತಿದ್ದಳು. ತಾನು ಹೆಚ್ಚುತ್ತಿದ್ದ ಬೆರಳುದ್ದದ ಬದನೆಯನ್ನೂ ಪಕ್ಕದಲ್ಲಿ ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದಳು.

ನಿಯಂತ್ರಣ ಕೊಠಡಿಯಲ್ಲಿ ನೀಲಕಂಠನ ಬಳಿ ಬೆಳಕು ಅಳೆಯುವ ಉಪಕರಣವಿತ್ತು, ತನ್ನ ಊರಿನ ಬೆಳಕು ಅಳೆಯಲು. ಅದನ್ನು ಗುಡ್ಡದಾಚೆಗೆ ತಿರುಗಿಸಿ ಅವನು ಸಡ್ಡಕನ ಬಿಸಿಲು ಅಳೆಯುತ್ತಿದ್ದ. ಮುಳ್ಳು ಎಂದೂ ಅಲುಗುತ್ತಿರಲಿಲ್ಲ. ಅದು ಒಮ್ಮೆಯಾದರೂ ಕುಸಿಯಲಿ ಎಂದು ಕಾಯುತ್ತ ಅವನ ಚಹಾ ತಣ್ಣಗಾಗುತ್ತಿತ್ತು.

ಇದರ ಮೇಲೆ ನೆರಳಿನ ಒಪ್ಪಂದ ಬೇರೆ. ತಿಂಗಳಿಗೊಮ್ಮೆ ಸೂರ್ಯ ಪಡಸಾಲಿಯ ಕಂಬದ ಬೆನ್ನಿಗೆ ಬರುತ್ತಾನೆ. ಆಗ ಪಡಸಾಲಿಯ ಕನ್ನಡಿಯ ನೆರಳು ನೇರ ತೇಜೋನಗರದ ಕನ್ನಡಿಯ ಮೇಲೆ ಬೀಳುತ್ತದೆ. ಬೀಳಬಾರದು ಎಂದು ಎರಡು ಬಣಗಳೂ ಸಹಿ ಹಾಕಿದ್ದವು. ಆ ದಿನ ನೀಲಕಂಠ ತನ್ನ ಕನ್ನಡಿಯನ್ನು ಮಗ್ಗುಲು ತಿರುಗಿಸಿ, ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿದಂತೆ ನಿಲ್ಲಿಸಬೇಕು. ಅವರಿಗೆ ಬಿಸಿಲು ತಪ್ಪದಿರಲೆಂದು ಇವರು ಕತ್ತಲಲ್ಲಿ ಕೂರಬೇಕು. ಸೂರ್ಯ ಅವರ ಕಂಬದ ಬೆನ್ನಿಗೆ ಬಂದಾಗ ಅವರೂ ಹಾಗೆಯೇ ಮಾಡುತ್ತಿದ್ದರು ಎಂಬುದು ನಿಜ. ಆದರೆ ಒಪ್ಪಂದದಂತೆ ಇಳಿದ ಮುಳ್ಳು ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗಿರುವಾಗ ಗಂಗೂಗೆ ಒಂಬತ್ತು ತಿಂಗಳು ತುಂಬಿತು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ತಾಯಿ ಭೂಮಿಯ ಮೇಲೆ, ಗದುಗಿನ ಹತ್ತಿರ. ತಾಯಿ ಇಲ್ಲದಲ್ಲಿ ಅಕ್ಕನ ಮನೆಯೇ ತವರು. ಏಕಪೀಠದ ಅಧಿಪತಿ ಇಂಥದ್ದಕ್ಕೆ ಅಪ್ಪಣೆ ಕೊಡುವವನಲ್ಲ. ಆದರೆ ಜನರ ಆಚಾರಗಳನ್ನು ಗೌರವಿಸುವ ದೊರೆ ಎಂದು ಆ ವರ್ಷ ಎಲ್ಲೆಡೆ ಸಾರಿಸಿಕೊಂಡಿದ್ದ, ಕೊಟ್ಟುಬಿಟ್ಟ. ಗಂಡ ಬಿಟ್ಟುಬರಬಹುದು, ಕುಬಸದ, ಅಂದರೆ ಸೀಮಂತದ, ಊಟ ಉಂಡು ಅಂದೇ ಮರಳಬೇಕು.

"ಕತ್ತಲಿ ಮನಿಗೆ ಬಾಣಂತನಕ್ಕ ಕಳಸ್ತಾರಂತ" ಎಂದು ನೀಲಕಂಠ ಹೆಂಡತಿಗೆ ಹೇಳಿದ. "ಬಂದು ನೋಡಿ ನಗ್ತಾನ ಗೌಡ. ಅವ ನಿಂತಾಗ ಆ ಅಮೀನಾಬಿ ಗುಂಡಿ ಒತ್ತಿದ್ಲಂದ್ರ ನನ್ನ ಮಾನ ಹೋತು."

"ಬಾಣಂತಿಗಿ ಕಾವು ಬೇಕ್ರೀ. ನಗ್ಲಿ ಬಿಡ್ಲಿ, ಕೋಲಿ ಬೆಚ್ಚಗಿರಬೇಕು ನೋಡ್ರಿ ಅಷ್ಟ."

ಅವನಿಗೆ ಅಷ್ಟು ನೆಪ ಸಾಕಾಯಿತು. ಎಲ್ಲ ಮನೆಗಳ ಗುಂಡಿಯ ತಂತಿಗಳೂ ನಿಯಂತ್ರಣ ಕೊಠಡಿಯ ಒಂದು ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ದುರಸ್ತಿಯ ಕಾಲಕ್ಕೆಂದು ಅದಕ್ಕೊಂದು ಅಡ್ಡಹಿಡಿ ಇತ್ತು. ನೀಲಕಂಠ ಅದನ್ನು ಕೆಳಗೆಳೆದ. ಯಾರಿಗೂ ಹೇಳಲಿಲ್ಲ.

ಸಿಕ್ಕಿಬೀಳುತ್ತೇನೆ ಎಂದು ಮೊದಲ ದಿನ ಬೆವರಿದ. ಆದರೆ ಆದದ್ದೇ ಬೇರೆ, ಅದು ಪಡಸಾಲಿಯಲ್ಲಲ್ಲದೆ ಇನ್ನೆಲ್ಲೂ ಆಗುವಂಥದ್ದಲ್ಲ. ಜನ ಗುಂಡಿ ಒತ್ತಿದರು, ಕನ್ನಡಿ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ನಿಂತು, ತಾನು ಹೋಗದ ಯಾವುದೋ ಸಭೆಯಲ್ಲಿ ಹೊಸ ನಿಯಮ ಪಾಸಾಗಿರಬೇಕು, ತನ್ನ ಪಕ್ಷ ಸೋತಿರಬೇಕು ಎಂದುಕೊಂಡರು. ವರ್ಷಕ್ಕೆ ನೂರಾರು ಸಭೆ. ಎಲ್ಲಕ್ಕೂ ಹೋಗುವವರು ಯಾರು? ಹೋಗಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆ. ಸೋತು ಸುಮ್ಮನಿರುವುದು ಅವರಿಗೆ ರೂಢಿಯಾಗಿತ್ತು. ತಾನು ತೂಕಡಿಸಿದ ಸಭೆಯಲ್ಲೇ ಆಗಿರಬೇಕೆಂದು ಅಧ್ಯಕ್ಷೆ ಅಮೀನಾಬಿ ಕೂಡ ಸಂಡಿಗೆ ಒಳಗಿಟ್ಟಳು.

ಪಡಸಾಲಿಯ ಮೇಲೆ ಬೆಳಕು ಹಳ್ಳದ ನೀರಿನಂತೆ ಎಡೆಬಿಡದೆ ಹರಿಯಿತು. ನೀಲಕಂಠ ತನ್ನ ಉಪಕರಣವನ್ನು ಮೊದಲ ಬಾರಿಗೆ ತನ್ನ ಊರಿನ ಕಡೆ ತಿರುಗಿಸಿ ಇಟ್ಟ.

ಕುಬಸದ ದಿನ ರುದ್ರಗೌಡ ಬಂದ. ಎತ್ತರದ ಆಳು, ಎದೆಯ ಮೇಲೆ ಏಕಪೀಠದ ಬಿಲ್ಲೆ. ಆ ಬಿಲ್ಲೆ ಆಡಿದ್ದನ್ನೆಲ್ಲ ಕೇಳಿ ತೇಜೋನಗರಕ್ಕೆ ಮುಟ್ಟಿಸುತ್ತದೆಂದು ಎಲ್ಲರಿಗೂ ಗೊತ್ತು. ಗಂಗೂ ಸೀರೆಯ ಮೇಲೂ ಒಂದಿತ್ತು. ಶಿವಲೀಲಾ ತಲೆಗೆ ಎಣ್ಣೆ ಹಚ್ಚುವ ನೆಪದಲ್ಲಿ ಅದನ್ನು ಬಿಚ್ಚಿ ಜೋಳದ ಡಬ್ಬಿಯೊಳಗೆ ಹಾಕಿದಳು.

"ಅಕ್ಕಾ, ಅದು ಜೋಳದ ಸಪ್ಪಳಾ ಕಳಸ್ತೈತಿ ಈಗ."

"ಕಳಸ್ಲಿ. ಅವರೂ ಒಂದಿಷ್ಟ ರೊಟ್ಟಿ ತಟ್ಟೂದು ಕಲೀಲಿ."

ಹಸಿರು ಸೀರೆ ಉಡಿಸಿದರು, ಹಸಿರು ಬಳೆ ತೊಡಿಸಿದರು. ಓಣಿಯ ಹೆಂಗಸರು ಬಂದು ಆರತಿ ಮಾಡಿದರು. ನೀಲಕಂಠ ಪಂಕ್ತಿಯಲ್ಲಿ ಕೂತು, ಹೋಳಿಗೆ ಮುರಿಯದೆ, ಸಡ್ಡಕನ ಮುಖವನ್ನೇ ನೋಡುತ್ತಿದ್ದ. ಬಿಸಿಲು ನೆಲದ ಮೇಲೆ ಕದಲದೆ ಬಿದ್ದಿತ್ತು. ರುದ್ರಗೌಡ ಅದನ್ನು ಎರಡು ಮೂರು ಸಲ ನೋಡಿದ. ಅವನ ಮುಖ ಅರಳಲಿಲ್ಲ, ಉರಿಯಲೂ ಇಲ್ಲ. ಯಾಕೋ ಬಿಳುಪಾಯಿತು.

"ಅಣ್ಣಾರ, ನಿಮ್ಮ ಮೋಟರ್ ಕೋಲಿ ತೋರಸ್ರಿ" ಎಂದ, ಕೈ ತೊಳೆದು.

ನೀಲಕಂಠನಿಗೆ ಹಬ್ಬವೇ ಆಯಿತು. ಕರೆದುಕೊಂಡು ಹೋದ. ಮೋಟರ್ ಕೊಠಡಿಯಲ್ಲಿ ಕಿವಿ ಕಿವುಡಾಗುವಂಥ ಗುಂಯ್ ಸದ್ದು. ರುದ್ರಗೌಡ ಎದೆಯ ಬಿಲ್ಲೆಯನ್ನು ಬಿಚ್ಚಿ ಮೋಟರಿನ ಕವಚಕ್ಕೆ ಒತ್ತಿ ಹಿಡಿದು, ನೀಲಕಂಠನ ಕಿವಿಗೆ ಬಾಯಿ ತಂದ.

"ಬೆಳಗಿನಿಂದ ಒಮ್ಮೆರ ನಿಲ್ಲಲಿಲ್ಲ ನಿಮ್ಮ ಕನ್ನಡಿ. ಯಾಕ?"

"ಯಾಕಂದ್ರ? ನಿನ್ನದು ನಿಲ್ತೈತೇನು?"

"ಗುಂಡಿ ಕಿತ್ತಿರೇನು ಅಣ್ಣಾರ?"

"ಹಿಡಿ ಇಳಿಸೀನಿ. ನಾಕ ದಿನ. ನಿನ್ನಂಗ ನಾನೂ ನಡಸಬಲ್ಲೆ ಅಂತ ನೋಡ್ಲಿ ಮಂದಿ."

ರುದ್ರಗೌಡ ಬಿಲ್ಲೆಯನ್ನು ಮೋಟರಿಗೆ ಒತ್ತಿಕೊಂಡೇ ಪಕ್ಕದ ಪೆಟ್ಟಿಗೆಯ ಮೇಲೆ ಕೂತ. "ಅದೊಂದು ಗುಂಡಿ ಐತಿ ಅಂತ ನಾ ಅಕಿನ್ನ ಇಲ್ಲಿಗೆ ಕರಕೊಂಡ ಬಂದೀನ್ರೀ" ಎಂದ.

ಆಮೇಲೆ ಹೇಳಿದ. ತೇಜೋನಗರದ ಕನ್ನಡಿ ನಿಂತಿರುವುದು ಉಕ್ಕಿನ ಒಂದು ದಪ್ಪ ಗೂಟದ ಮೇಲೆ. ಆ ಗೂಟ ಸೀಳಿದೆ. ಬದಲಿ ಗೂಟ ಗೋದಾಮಿನಲ್ಲೇ ಇದೆ. ಆದರೆ ಬಿಸಿಲಿರುವಷ್ಟು ಹೊತ್ತು ಉಕ್ಕು ಹಿಗ್ಗಿ ಕಚ್ಚಿಕೊಂಡಿರುತ್ತದೆ, ಸೀಳಿದ ಗೂಟ ಹೊರಗೆ ಬರುವುದಿಲ್ಲ. ಕನ್ನಡಿ ಮಗ್ಗುಲು ತಿರುಗಿದರೂ ಗೂಟಕ್ಕೆ ಬಿಸಿಲು ತಪ್ಪುವುದಿಲ್ಲ; ತಣ್ಣಗಾಗಲು ಪೂರಾ ನೆರಳು ಬೇಕು. ತೇಜೋನಗರದಲ್ಲಿ ಕತ್ತಲು ಮಾಡುವ ಅಧಿಕಾರ ಅಧಿಪತಿಗೊಬ್ಬನಿಗೇ. ಅವನಿಗೆ ಹೇಳಬೇಕೆಂದರೆ ನಡುವೆ ಸಾಲಾಗಿ ಅಧಿಕಾರಿಗಳು; ಕೆಳಗಿನವನು 'ಸೀಳಿದೆ' ಎಂದದ್ದು ಒಬ್ಬೊಬ್ಬರ ಬಾಯಿ ದಾಟುತ್ತ 'ಗೆರೆ ಬಿದ್ದಿದೆ' ಆಗಿ, 'ಗಮನಿಸಲಾಗುತ್ತಿದೆ' ಆಗಿ, ಕಡೆಗೆ 'ಉತ್ತಮವಾಗಿದೆ' ಆಗಿ ಮುಟ್ಟಿತ್ತು. ರುದ್ರಗೌಡನಿಗೂ ಮೊದಲು ಇದ್ದ ಮುಖ್ಯಸ್ಥ ನೇರ ಹೋಗಿ ಹೇಳಲು ನೋಡಿದ್ದ. ಅವನು ಈಗ ಎಲ್ಲಿದ್ದಾನೆಂದು ಯಾರೂ ಕೇಳುವುದಿಲ್ಲ.

"ನೆರಳಿನ ದಿನದ ಮರುದಿನ ಅಧಿಪತಿ ಪಟ್ಟ ಏರಿದ ಹಬ್ಬ. ಬಂಡಿಗಲ್ಲಿನ ಮ್ಯಾಲ ಅವನ ಮಾರಿ ಕೆತ್ಯಾರ. ಅದರ ಮ್ಯಾಲ ಬೆಳಕ ಬಿಡಾಕ ಕನ್ನಡಿ ಪೂರಾ ಎತ್ತಬೇಕು. ಎತ್ತಿದ್ರ ಗೂಟ ಮುರೀತೈತಿ. ಕನ್ನಡಿ ಊರ ಮ್ಯಾಲ ಬರ್ತೈತಿ."

ನೆರಳಿನ ದಿನ ತನ್ನ ಕನ್ನಡಿ ಮಗ್ಗುಲು ತಿರುಗುವ ಮುಂಚೆ ಯಾರಾದರೂ ಗುಂಡಿ ಒತ್ತಿದರೆ ಏನಾಗುತ್ತದೆಂದು ನೀಲಕಂಠನಿಗೆ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡಿ ಅಗಲವಾಗಿಯೇ ನಿಂತುಬಿಡುತ್ತದೆ. ನೆರಳು ಆಚೆ ಬೀಳುತ್ತದೆ. ಒಪ್ಪಂದದಲ್ಲಿ ಒಕ್ಕೂಟದ ಸರ್ಕಾರ ಬೆಳಕು ತಡೆಯಬಾರದೆಂದಿದೆ, ಬಸುರಿ ಹೆಂಗಸು ತಡೆಯಬಾರದೆಂದಿಲ್ಲ.

"ನಾ ಏನೂ ಕೇಳಾಕತ್ತಿಲ್ಲ ನಿಮ್ಮನ್ನ" ಎಂದ ರುದ್ರಗೌಡ. ಎದ್ದು ನಿಂತು, ಹೋಗುವ ಮುಂಚೆ ಇನ್ನೊಂದು ಮಾತು ಆಡಿದ. "ನಿಮ್ಮ ಸಭಾದ್ದು ಬಾನುಲಿಯೊಳಗ ಬರ್ತೈತಲ್ಲ, ಕದ್ದು ಕೇಳ್ತೀನಿ ನಾನು. ಮಂದಿ ನಿಮಗ ಬೈತಾರ. 'ಏ ಯಲಿಗಾರ, ನಿನಗ ತಿರುವಾಕ ಬರ್ತೈತೋ ಇಲ್ಲೋ' ಅಂತಾರ. ನೀವು ತಿರುಗಿ ಬೈತೀರಿ. ಹೊಟ್ಟಿ ಉರೀತೈತ್ರೀ ನನಗ."

ಅವನು ಹೋದ ಮೇಲೆ ನೀಲಕಂಠ ಮಾಡಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವನು ಸಂತೋಷಪಟ್ಟ. ಆ ದೊಡ್ಡ ಕನ್ನಡಿ ಬೀಳುತ್ತದೆ. ಬಿದ್ದರೆ ಚಂದ್ರನ ಮೇಲೆ ತನ್ನದೇ ಮೊದಲನೆಯದು. ಒಕ್ಕೂಟದ ದೇಶಗಳು ಭಾಷಣ ಮಾಡುತ್ತವೆ, ತನ್ನ ಚಿತ್ರ ಹಾಕುತ್ತವೆ. ಗಂಗೂ ಹೇಗೂ ಇತ್ತ ಬಂದಾಗಿದೆ. ಕನ್ನಡಿಯ ಕೆಳಗೆ ಒಂದು ಊರೇ ಇದೆಯಲ್ಲ ಎಂಬುದು ನೆನಪಿಗೆ ಬಂದಾಗಲೆಲ್ಲ, ಅದು ತನ್ನ ಕೆಲಸವಲ್ಲ, ನೌಕರರಿಗೆ ಗುಂಡಿಯ ಹಕ್ಕಿಲ್ಲ ಎಂದು ತನಗೇ ನಿಯಮ ಓದಿಕೊಂಡ. ನಿಯಮ ಮುರಿದವನೇ ನಿಯಮ ಓದುವುದು ಹೊಸತೇನಲ್ಲ.

ನೆರಳಿನ ದಿನಕ್ಕೆ ಮುಂಚಿನ ದಿನ ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಬಂದಾಗ ಗಂಗೂ ಗೋಡೆಯ ಹತ್ತಿರ ನಿಂತಿದ್ದಳು. ಬೆರಳು ಕೆಂಪು ಗುಂಡಿಯ ಮೇಲಿತ್ತು. ಒತ್ತಿದಳು. ಚಾವಣಿಯತ್ತ ನೋಡಿದಳು. ಬೆಳಕು ಹರಿಯುತ್ತಲೇ ಇತ್ತು. ಮತ್ತೆ ಒತ್ತಿದಳು. ಅಕ್ಕನನ್ನು ಕೂಗಲಿಲ್ಲ, ಭಾವನನ್ನು ಕೇಳಲಿಲ್ಲ. ಕೈ ಇಳಿಸಿ, ನಕ್ಕಂತೆ ಮಾಡಿ, "ಸುಮ್ನ ನೋಡಿದೆ ಭಾವಾರ" ಎಂದಳು. "ಇಲ್ಲೂ ನಮ್ಮಲ್ಲಿದ್ದಂಗ ಐತಿ."

ನೀಲಕಂಠ ತಟ್ಟೆಯ ಮುಂದೆ ಕೂತ. ರೊಟ್ಟಿ ಮುರಿದ. ಹಾಗೆಯೇ ಬಿಟ್ಟು ಎದ್ದ.

"ಉಣ್ಣಾಕ ಬಂದು ಎಲ್ಲಿಗೆ ಹೊಂಟ್ರಿ?" ಎಂದಳು ಶಿವಲೀಲಾ.

"ಕೆಲಸಾ ಐತಿ."

ನಿಯಂತ್ರಣ ಕೊಠಡಿಗೆ ಹೋಗಿ ಅಡ್ಡಹಿಡಿಯನ್ನು ಮೇಲಕ್ಕೆತ್ತಿದ. ಎತ್ತುವಾಗಲೂ ಬಾಯಲ್ಲಿ ಸಡ್ಡಕನಿಗೆ ಬೈಗುಳವೇ ಇತ್ತು.

ಮರುದಿನ ಸೂರ್ಯ ಕಂಬದ ಬೆನ್ನಿಗೆ ಬಂದ. ಕನ್ನಡಿ ಮಗ್ಗುಲಾಗಲು ಇನ್ನೇನು ತಿರುಗಬೇಕು, ಗಂಗೂ ಗುಂಡಿ ಒತ್ತಿದಳು. ಕನ್ನಡಿ ನಿಂತಿತು. ಮೋಟರಿನ ಸದ್ದು ಅಡಗಿದ್ದು ಊರಿಗೆಲ್ಲ ಕೇಳಿಸಿತು. ಅಗಲವಾದ ನೆರಳು ಗುಡ್ಡ ದಾಟಿ ತೇಜೋನಗರದ ಕನ್ನಡಿಯನ್ನು ಕಂಬಳಿಯಂತೆ ಮುಚ್ಚಿತು. ನೀಲಕಂಠನ ಉಪಕರಣದ ಮುಳ್ಳು ಸರ್ರನೆ ಕೆಳಗೆ ಬಂತು. ಅಷ್ಟು ವರ್ಷ ಕಾದದ್ದು. ಅವನು ಅದನ್ನು ಸರಿಯಾಗಿ ನೋಡಲೂ ಇಲ್ಲ, ಸಭೆಗೆ ಓಡಿದ.

ಸಭೆಯ ಪರದೆಯ ಮೇಲೆ ಒಕ್ಕೂಟದ ಮಂತ್ರಿಯೊಬ್ಬ ಭೂಮಿಯಿಂದಲೇ ಬೆವರುತ್ತಿದ್ದ. ಏಕಪೀಠದ ರಾಯಭಾರಿ ಅವನ ಬಾಗಿಲಲ್ಲೇ ಕೂತಿದ್ದಾನಂತೆ. ಕನ್ನಡಿಯನ್ನು ತಕ್ಷಣ ನಡೆಸಿ, ಇದು ಎರಡು ಮಹಾಶಕ್ತಿಗಳ ವಿಷಯ ಎಂದ.

"ಆಗ್ಲಿ ಸಾಹೇಬ್ರ" ಎಂದಳು ಅಮೀನಾಬಿ. "ಒತ್ತಿದಾ‍ಕಿ ಮಾತು ಮುಗೀಲಿ. ನಿಯಮ ನಿಮ್ಮವ್ರ ಮಾಡಿದ್ದು. ಹೇಳವಾ, ಯಾಕ ಒತ್ತಿದಿ?"

ಗಂಗೂ ಸೀರೆಯ ಮೇಲೆ ಬಿಲ್ಲೆ ಮತ್ತೆ ಬಂದಿತ್ತು. ಸಭೆಗೆ ಬರುವಾಗ ಹಾಕದಿದ್ದರೆ ಗಂಡನ ಕುತ್ತಿಗೆಗೆ ಬರುತ್ತದೆ. ಅವಳು ಗೂಟದ ಮಾತೆತ್ತುವಂತಿರಲಿಲ್ಲ. "ಕಣ್ಣಿಗೆ ಬೆಳಕ ಹೊಡೀತು" ಎಂದು ಶುರು ಮಾಡಿದಳು. ಕಣ್ಣಿನಿಂದ ತಲೆನೋವಿಗೆ ಬಂದಳು, ತಲೆನೋವಿನಿಂದ ಬಯಕೆಗೆ. ಮೂರನೇ ತಿಂಗಳಲ್ಲಿ ಹುಣಸೆಹಣ್ಣು ಬೇಕೆನಿಸಿದ್ದು, ಐದರಲ್ಲಿ ಸುಟ್ಟ ಮಣ್ಣಿನ ವಾಸನೆ ಬೇಕೆನಿಸಿದ್ದು. ಚಂದ್ರನ ಮಣ್ಣು ಸುಟ್ಟರೆ ಪಟಾಕಿ ಮದ್ದಿನ ವಾಸನೆ ಬರುತ್ತದೆ, ಅದಕ್ಕೆ ತಾನು ಅತ್ತದ್ದು. ಅವ್ವನ ಬಾಣಂತನ ಮಾಡಿದ ಮುದುಕಿ ಹೇಗೆ ಎರೆಯುತ್ತಿದ್ದಳು ಎಂಬುದನ್ನು ಕೈ ಮಾಡಿ ತೋರಿಸಿದಳು. ವರ್ಷಗಟ್ಟಲೆ ಬಿಲ್ಲೆ ಕಟ್ಟಿಕೊಂಡು ಹೌದು, ಇಲ್ಲ ಎರಡೇ ಮಾತಾಡಿದ ಹುಡುಗಿ. ಕೇಳುವ ಮಂದಿ ಸಿಕ್ಕ ಮೇಲೆ ತಡೆಯುವುದು ಎಲ್ಲಿ? ಸಭೆಯ ಹೆಂಗಸರು ನಡುನಡುವೆ ತಮ್ಮದೂ ಸೇರಿಸಿದರು. ಮಂತ್ರಿ ಎರಡು ಸಲ ಬಾಯಿ ತೆರೆದ.

"ಬಸುರಿ ಮಾತಾಡಾಕತ್ತಾಳ" ಎಂದಳು ಅಮೀನಾಬಿ. "ನಿಮ್ಮವ್ವಗೂ ಹಿಂಗ ನಡುವ ಬಾಯಿ ಹಾಕ್ತಿದ್ರೇನು?"

ಆದರೆ ಒಂಬತ್ತು ತಿಂಗಳ ಉಸಿರು ಎಷ್ಟು ಹೊತ್ತು ಬರುತ್ತದೆ? ಗಂಗೂಳ ದನಿ ಸೋತಿತು. ಸೊಂಟ ಹಿಡಿದುಕೊಂಡಳು. ನೀಲಕಂಠ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಉಕ್ಕು ಆರಿರಬೇಕು, ಹಳೆಯ ಗೂಟ ಈಗ ಸಡಿಲಾಗಿರಬೇಕು. ಹೊಸದು ಕೂರಿಸಲು ಇನ್ನೂ ಹೊತ್ತು ಬೇಕು. ಈಗ ಬಿಸಿಲು ಬಿದ್ದರೆ ಗೂಟ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ.

"ಸಾಕಾತೇನವಾ? ಹಂಗಾದ್ರ ಮತಕ್ಕ ಹಾಕೂಣು" ಎಂದಳು ಅಮೀನಾಬಿ.

ನೀಲಕಂಠ ಎದ್ದು ನಿಂತ. "ಒಂದ್ ಮಾತು. ನಿನ್ನಿ ಮಧ್ಯಾಹ್ನದ ತನಕಾ ನಿಮ್ಮ ಗುಂಡಿ ನಡೀಲಿಲ್ಲ. ಯಾಕ ಅಂತ ಯಾರರ ಕೇಳಿದ್ರೇನು?"

ಒಬ್ಬರ ಮುಖ ಒಬ್ಬರು ನೋಡಿದರು. "ನಿನ್ನದೂ ನಡೀಲಿಲ್ಲೇನು?" "ನಾ ಹೊಸಾ ನಿಯಮ ಅಂತ ತಿಳಕೊಂಡಿದ್ದೆ." "ನಾನೂ ಹಂಗ."

"ನಿಯಮ ಗಿಯಮ ಏನಿಲ್ಲ. ನಾನಽ ಹಿಡಿ ಇಳಿಸಿದ್ದೆ. ನಿಮ್ಮ ಕಾಟ ತಾಳಲಾರದ. ನನ್ನ ಸಡ್ಡಕನ ಮುಂದ ದೊಡ್ಡಾಂವ ಆಗ್ಬೇಕಂತ."

ಆಮೇಲೆ ನಡೆದದ್ದನ್ನು ಬರೆಯಲು ಹಾಳೆ ಸಾಲದು. ಇಡೀ ಪಡಸಾಲಿ ಒಂದೇ ಬಾಯಾಗಿ ಅವನ ಮೇಲೆ ಬಿತ್ತು. ಅಮೀನಾಬಿ ಅಧ್ಯಕ್ಷೆಯ ಪೀಠ ಬಿಟ್ಟು ಕೆಳಗಿಳಿದು, ಸಂಡಿಗೆಯಿಂದ ಆರಂಭಿಸಿ ಅವನ ವಂಶದವರೆಗೂ ಬೈದಳು. ಪ್ರತಿಯೊಬ್ಬರಿಗೂ ಮಾತಾಡುವ ಹಕ್ಕು, ಯಾರೂ ಬಿಟ್ಟುಕೊಡಲಿಲ್ಲ. ಪರದೆಯ ಮೇಲಿನ ಮಂತ್ರಿಯ ಸದ್ದನ್ನು ಯಾರೋ ಅಡಗಿಸಿದರು. ನೀಲಕಂಠ ಬೇಕೆಂದೇ ಒಬ್ಬೊಬ್ಬರಿಗೂ ಎದುರು ಮಾತು ಕೊಟ್ಟು ಜಗಳ ಆರದಂತೆ ನೋಡಿಕೊಂಡ. ಅಂತೂ ಮತಕ್ಕೆ ಬರುವಷ್ಟರಲ್ಲಿ ಸೂರ್ಯ ಕಂಬ ದಾಟಿ ಸರಿದಿದ್ದ. ನೆರಳು ತಾನಾಗಿಯೇ ಆಚೆಯ ಕನ್ನಡಿಯಿಂದ ಜಾರಿತ್ತು.

ಅವನನ್ನು ಕೆಲಸದಿಂದ ತೆಗೆದರು. ಕೈ ಎತ್ತಿದವರಲ್ಲಿ ಶಿವಲೀಲಾ ಕೂಡ ಇದ್ದಳು.

"ನೀನೂನಾ?" ಎಂದ, ಮನೆಗೆ ಹೋಗುವಾಗ.

"ತಪ್ಪು ನಿಮ್ಮದಿತ್ತಲ್ರಿ" ಎಂದಳು. "ನಡೀರಿ, ಮುಂಜಾನಿಂದ ಉಂಡಿಲ್ಲ ನೀವು."

ಮರುದಿನ ಹಬ್ಬದಲ್ಲಿ ತೇಜೋನಗರದ ಕನ್ನಡಿ ಪೂರ್ತಿ ಮೇಲೆದ್ದಿತು. ಬಂಡೆಯ ಮೇಲಿನ ಅಧಿಪತಿಯ ಮುಖ ಬೆಳಗಿತು. ಗೂಟ ನಿಂತಿತು. ಕತ್ತಲೆಯ ಬಗ್ಗೆ ಜನಕ್ಕೆ ಏನಾದರೂ ಹೇಳಬೇಕಿತ್ತಲ್ಲ, ತಾನು ಕೇಳದೆ ಕತ್ತಲಾಯಿತು ಎನ್ನಲು ಯಾವ ಅಧಿಪತಿಗೂ ಬಾಯಿ ಬರುವುದಿಲ್ಲ. ಜನರ ಧೈರ್ಯ ಪರೀಕ್ಷಿಸಲು ತಾನೇ ನೆರಳಿಗೆ ಆಜ್ಞೆ ಮಾಡಿದ್ದೆ ಎಂದು ಸಾರಿದ. ಆ ಪರೀಕ್ಷೆಯನ್ನು ಚೆನ್ನಾಗಿ ನಡೆಸಿಕೊಟ್ಟದ್ದಕ್ಕೆ ರುದ್ರಗೌಡನಿಗೆ ಬಂಗಾರದ ಪದಕ. ಪರದೆಯ ಮೇಲೆ ತೋರಿಸಿದರು.

ನೀಲಕಂಠ ಕೂತು ನೋಡಿದ. ತನ್ನ ನೆರಳು, ತನ್ನ ಕೆಲಸ ಹೋದದ್ದು, ಪದಕ ಅವನಿಗೆ. ಹೊಟ್ಟೆಯೊಳಗೆ ಹಳೆಯ ಕೊಳ್ಳಿ ಮತ್ತೆ ಹೊತ್ತಿಕೊಂಡಿತು. ತಿರುಗಿ ನೋಡಿದರೆ ಗಂಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

"ಗಂಡಗ ಬಂಗಾರ ಬಂದ್ರ ಅಳ್ತಾರೇನು?" ಎಂದ.

"ಪದಕ ಬಂದವ್ರು ಊರು ದಾಟಂಗಿಲ್ರೀ ಭಾವಾರ. ಸಾಯೂತನಕಾ. ಇನ್ನ ಅವರಿಗೆ ಅಪ್ಪಣೆ ಸಿಗಂಗಿಲ್ಲ." ಬಿಲ್ಲೆ ಜೋಳದ ಡಬ್ಬಿಯೊಳಗೇ ಇದೆಯೇ ಎಂದು ನೋಡಿ ಬಂದು ಹೇಳಿದಳು. "ಆ ಕತ್ತಲಿಯೊಳಗ ಗಸ್ತಿನ ಗಾಡಿ ಎಲ್ಲಾ ನಿಂತಿದ್ವು, ಬಿಸಿಲಿಲ್ದ ನಡಿಯಂಗಿಲ್ಲ ಅವು. ಗುಡ್ಡಾ ದಾಟಿ ನಡಕೊಂಡ ಬರಬಹುದಿತ್ತು. ನಾ ಅಂದಿದ್ದೆ, ಬಂದಬಿಡ್ರಿ ಅಂತ. 'ನೆರಳು ಬಿದ್ರ ಮೊದಲನೇದು ಗೂಟಕ್ಕ, ಎರಡನೇದು ನಿನಗ' ಅಂದ್ರು."

ಆ ವಾರವೇ ಹೆರಿಗೆಯಾಯಿತು, ಹೆಣ್ಣು ಕೂಸು. ನೀಲಕಂಠ ಮನೆಯಲ್ಲೇ ಇದ್ದ. ಅವನ ಕುರ್ಚಿಗೆ ಸಭೆ ಇನ್ನೂ ಯಾರನ್ನೂ ಕೂರಿಸಿರಲಿಲ್ಲ. ಕಿರಿಯ ನೌಕರರು ತಾತ್ಕಾಲಿಕವಾಗಿ ನಡೆಸುತ್ತಿದ್ದರು, ಕನ್ನಡಿ ಕುಡಿದವನಂತೆ ತಿರುಗುತ್ತಿತ್ತು. ಇನ್ನೊಂದು ವರ್ಷ ಕಳೆದರೆ ತನ್ನನ್ನೇ ಮರಳಿ ಕರೆಯುತ್ತಾರೆಂಬ ಆಸೆ ಅವನಿಗಿತ್ತು. ಊರಿನಲ್ಲಿ ಬೇರೆ ಗತಿಯೂ ಇರಲಿಲ್ಲ.

ತಿಂಗಳು ತುಂಬಿ ನೆರಳಿನ ದಿನ ಮತ್ತೆ ಬಂತು. ಕೋಣೆಯಲ್ಲಿ ಲೋಬಾನದ ಹೊಗೆ, ಗಂಗೂ ಕೂಸಿಗೆ ಹಾಲೂಡಿಸುತ್ತಿದ್ದಳು. ಅವಳು ಗುಂಡಿಯ ಕಡೆ ನೋಡುತ್ತಿದ್ದಳು, ಏಳುತ್ತಿರಲಿಲ್ಲ. ಅಕ್ಕನ ಮನೆಯಲ್ಲಿ ಭಾವನ ಕೆಲಸ ಕಳೆದು ಕೂತವಳು ಇನ್ನೊಮ್ಮೆ ಏನೆಂದು ಕೇಳುತ್ತಾಳೆ?

ನೀಲಕಂಠ ಗೋಡೆಯ ಹತ್ತಿರ ಹೋಗಿ ನಿಂತ. ಕನ್ನಡಿಯ ನೌಕರನಲ್ಲದ ಮೇಲೆ ಅವನಿಗೂ ಈಗ ಹಕ್ಕಿತ್ತು.

ಶಿವಲೀಲಾ ಅಡುಗೆಮನೆಯ ಬಾಗಿಲಿಗೆ ಬಂದಳು. "ಅವರು ಬಂದ್ರ ನಿಮ್ಮ ಕುರ್ಚಿ ಅವರಿಗೇ ಕೊಡ್ತಾರ. ಗೊತ್ತೈತಿಲ್ಲ?"

"ಗೊತ್ತೈತಿ."

"ಇದಽ ಮನ್ಯಾಗ ಇರ್ತಾರ. ದಿನಾ ನಿಮ್ಮ ಮುಂದ ಕೆಲಸಕ್ಕ ಹೋಗ್ತಾರ."

"ಗೊತ್ತೈತಿ ಅಂದೆನಲ್ಲ." ಕಹಿ ಕಷಾಯ ನುಂಗಿದವನಂತೆ ಮುಖ ಮಾಡಿ ಹೇಳಿದ. "ನನಕಿಂತ ಚಲೋ ತಿರುವ್ತಾನ ಕನ್ನಡಿ. ಕಾಲೇಜಿನ್ಯಾಗೂ ಹಂಗ ಇದ್ದ, ಹಡಸು ಮಗಾ."

ಒತ್ತಿದ.

ಕನ್ನಡಿ ಮಗ್ಗುಲಾಗುವ ಮುಂಚೆಯೇ ಗುಡ್ಡದ ಮೇಲೆ ಮೋಟರ್ ನಿಂತಿತು. ಓಣಿಯ ಮೇಲಿಂದ ಬೆಳಕು ಮೆಲ್ಲಗೆ ಸರಿಯತೊಡಗಿತು. ಮನೆಮನೆಯ ಬಾಗಿಲು ತೆರೆದವು, ಬೈಗುಳ ಹೊರಬಂದವು. ಅಮೀನಾಬಿಯ ದನಿ ಎಲ್ಲಕ್ಕೂ ಮೇಲಿತ್ತು.

"ಯಾರಲೇ ಅದು ಒತ್ತಿದಾಂವ?"

ನೀಲಕಂಠ ಹೊಸ್ತಿಲು ದಾಟಿ ಹೊರಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತ.

"ನಾನ್ರೀ" ಎಂದ. "ಸಭಾ ಕರೀರಿ. ನನ್ನ ಮಾತು ಇವತ್ತ ಭಾಳ ಐತಿ."